ವೆರ್ಸಿಯೆರಾ: ಆನ್ಯೇಸಿಯ ವಕ್ರರೇಖೆಗೆ 'ಮಾಟಗಾತಿ' ಅನ್ನುವ ಹೆಸರು ಬಂದದ್ದು ಹೇಗೆ?

ಗೆರೆಬರಹ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕ್ಯಾಲ್ಕುಲಸ್ ಪಾಠದಲ್ಲಿ 'ವಿಚ್ ಆಫ್ ಆಗ್ನೇಸಿ' ಅನ್ನುವ ವಕ್ರರೇಖೆ ಬಂದಾಗಲೆಲ್ಲ ಕ್ಲಾಸಿನಲ್ಲಿ ಒಂದು ಪ್ರಶ್ನೆ ಗ್ಯಾರಂಟಿ: "ಸರ್, ಇದರಲ್ಲಿ ಮಾಟಗಾತಿ ಎಲ್ಲಿದ್ದಾಳೆ?" ರೇಖೆ ನೋಡಿದರೆ ತುಂಬಾ ಸೌಮ್ಯ. ನಡುವೆ ಒಂದು ಉಬ್ಬು. ಎರಡೂ ಕಡೆ ನಿಧಾನವಾದ ಇಳಿಜಾರು. ತಳದ ಗೆರೆಯನ್ನು ಎಂದೂ ಮುಟ್ಟದೆ ದೂರ ದೂರಕ್ಕೆ ಹೋಗುತ್ತದೆ.

ಪುಸ್ತಕಗಳು ಈ ಹೆಸರಿನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಇಟಾಲಿಯನ್ ಹೆಸರು 'ವೆರ್ಸಿಯೆರಾ'. ಆಗ್ನೇಸಿ ಅನ್ನುವ ಇಟಲಿಯ ಗಣಿತಜ್ಞೆಯ ಪುಸ್ತಕವನ್ನು ಇಂಗ್ಲಿಷಿಗೆ ತಂದವರು ಅದನ್ನು 'ಅವ್ವೆರ್ಸಿಯೆರಾ' ಅಂತ ಓದಿಕೊಂಡರು. ಅದಕ್ಕೆ ದೆವ್ವದ ಹೆಂಡತಿ ಅಂತ ಅರ್ಥ. ಅಲ್ಲಿಗೆ ಕಥೆ ಮುಗಿಯಿತು. ನನಗೆ ಇಷ್ಟು ಸಾಲದು ಅನ್ನಿಸುತ್ತದೆ. ಗಣಿತ ಚೆನ್ನಾಗಿ ಬಲ್ಲ ಮನುಷ್ಯನಿಗೆ ಗಣಿತದ ಪುಸ್ತಕದ ನಡುವೆ ಸುಮ್ನೆ ಮಾಟಗಾತಿ ಕಾಣಿಸುತ್ತಾಳಾ? ವೆರ್ಸಿಯೆರಾ ಅನ್ನುವ ಪದದ ಬೇರು ಎಲ್ಲಿದೆ? ಇಟಲಿಯಲ್ಲಿರುವವರು, ಭಾಷೆಗಳ ಬಗ್ಗೆ ಓದಿದವರು ದಯವಿಟ್ಟು ಬರೆಯಿರಿ.

ಪಿಯುಸಿ ಹುಡುಗಿ

ಸರ್, ಆಗ್ನೇಸಿ ಹೆಂಗಸು ಅಂತಲೇ ಹಾಗೆ ಕರೆದರು ಅಲ್ವಾ? ಗಣಿತ ಓದಿದ ಹೆಣ್ಣನ್ನು ಆ ಕಾಲದವರು ಮಾಟಗಾತಿ ಅಂದರು ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ಮಿಲಾನ್ ಕನ್ನಡತಿ

ಇಲ್ಲ ಪುಟ್ಟಿ. ಹಾಗೆ ತುಂಬಾ ಜನ ಹೇಳುತ್ತಾರೆ, ಆದರೆ ತಾರೀಕು ನೋಡಿದರೆ ಅದು ಹೊಂದುವುದಿಲ್ಲ. ವೆರ್ಸಿಯೆರಾ ಅನ್ನುವ ಹೆಸರು ಅಚ್ಚಾದದ್ದು 1718ರಲ್ಲಿ. ಮರಿಯಾ ಗಯೆತಾನಾ ಆನ್ಯೇಸಿ ಹುಟ್ಟಿದ್ದೂ ಅದೇ 1718ರಲ್ಲಿ, ಮೇ 16ರಂದು, ಇಲ್ಲೇ ಮಿಲಾನ್‌ನಲ್ಲಿ. ಹೆಸರಿಟ್ಟವರಿಗೆ ಈ ಹೆಣ್ಣುಮಗಳ ವಿಷಯ ಗೊತ್ತಿರಲು ಸಾಧ್ಯವೇ ಇಲ್ಲ. (ಇಟಾಲಿಯನ್ನರು ಇವಳ ಹೆಸರನ್ನು 'ಆನ್ಯೇಸಿ' ಅಂತಲೇ ಹೇಳುತ್ತಾರೆ, ಗಕಾರ ಕೇಳಿಸುವುದಿಲ್ಲ. ಹಾಗಾಗಿ ನಾನು ಹಾಗೇ ಬರೆಯುತ್ತೇನೆ.)

ಹೆಸರಿಟ್ಟವರು ಗ್ವಿದೋ ಗ್ರಾಂದಿ. ಕಮಾಲ್ದೋಲಿ ಪಂಥದ ಕ್ರೈಸ್ತ ಸನ್ಯಾಸಿ, ಪೀಸಾ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕ. 1703ರಲ್ಲಿ ವೃತ್ತ ಮತ್ತು ಹೈಪರ್ಬೋಲಾದ ಕ್ಷೇತ್ರಫಲದ ಬಗ್ಗೆ ಅವರು ಒಂದು ಲ್ಯಾಟಿನ್ ಪುಸ್ತಕ ಬರೆದರು. ಅದರಲ್ಲಿ ಈ ರೇಖೆಯನ್ನು ರಚಿಸುವ ವಿಧಾನ ಇದೆ, ಆಗ ಹೆಸರಿಲ್ಲ. ಅವರಿಗೂ ಮುಂಚೆ ಫ್ರಾನ್ಸಿನ ಫರ್ಮಾ ಈ ರೇಖೆಯ ಕ್ಷೇತ್ರಫಲ ಲೆಕ್ಕ ಹಾಕಿದ್ದರು. 1718ರಲ್ಲಿ ಗೆಲಿಲಿಯೋ ಕೃತಿಗಳು ಫ್ಲಾರೆನ್ಸಿನಲ್ಲಿ ಮತ್ತೆ ಅಚ್ಚಾದವು. ಅದಕ್ಕೆ ಗ್ರಾಂದಿ ಬರೆದ ಟಿಪ್ಪಣಿಯಲ್ಲಿ ಹೆಸರು ಮೊದಲ ಸಲ ಬರುತ್ತದೆ. ಅವರು ಹೇಳುವುದರ ಸಾರ ಇಷ್ಟು: ಈ ರೇಖೆ 'ಸೇನಿ ವೆರ್ಸಿ'ಗಳಿಂದ ಹುಟ್ಟಿದ್ದು, ನಾನು ಇದನ್ನು ವೆರ್ಸಿಯೆರಾ ಅಂತ ಕರೆಯುತ್ತೇನೆ, ಲ್ಯಾಟಿನ್‌ನಲ್ಲಾದರೆ ವೆರ್ಸೋರಿಯಾ.

ಸೇನೋ ವೆರ್ಸೋ ಅಂದರೆ ಇಂಗ್ಲಿಷಿನ ವರ್ಸ್ಡ್ ಸೈನ್, 1ರಿಂದ ಕೊಸೈನ್ ಕಳೆದರೆ ಸಿಗುವ ಅಳತೆ. ಬಹುವಚನದಲ್ಲಿ ಸೇನಿ ವೆರ್ಸಿ. ಹೆಸರಿನ ಮೂಲವನ್ನು ಇಟ್ಟವರೇ ಬರೆದಿಟ್ಟಿದ್ದಾರೆ. ಪದಗಳ ಚರಿತ್ರೆಯಲ್ಲಿ ಇಂಥ ಅದೃಷ್ಟ ಅಪರೂಪ.

ಹಳೇಲೆಕ್ಕ

ಮೇಡಂ, ತುಂಬಾ ಒಳ್ಳೆಯ ಮಾಹಿತಿ. 'ಸೇನೋ ವೆರ್ಸೋ' ಅಂದಿರಲ್ಲ, ಅಲ್ಲಿಂದ ನಾನು ದಾರಿ ಮುಂದುವರಿಸುತ್ತೇನೆ. ಆ ಎರಡು ಪದಗಳ ಹಿಂದೆ ಹೋದರೆ ನಮ್ಮ ಕಡೆಗೇ ಬರುತ್ತೇವೆ.

ಬಿಲ್ಲು ನೆನಪಿಸಿಕೊಳ್ಳಿ. ವೃತ್ತದ ಕಂಸವೇ ಬಿಲ್ಲು, ಅದರ ಎರಡು ತುದಿ ಸೇರಿಸುವ ಗೆರೆಯೇ ಹೆದೆ. ಸಂಸ್ಕೃತದಲ್ಲಿ ಹೆದೆಗೆ 'ಜ್ಯಾ', 'ಜೀವಾ'. ಆರ್ಯಭಟ ಮತ್ತು ಅವನ ಕಾಲದ ಸಿದ್ಧಾಂತಕಾರರು ಲೆಕ್ಕಕ್ಕೆ ಬಳಸಿದ್ದು ಅರ್ಧ ಹೆದೆ, ಅಂದರೆ 'ಅರ್ಧಜ್ಯಾ'. ಬರುಬರುತ್ತಾ ಅರ್ಧ ಬಿಟ್ಟುಹೋಗಿ ಬರೀ 'ಜ್ಯಾ' ಆಯಿತು. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಇದರ 24 ಅಂತರಗಳ ಪಟ್ಟಿ ಇದೆ: 225, 224, 222, 219 ಹೀಗೆ. ತ್ರಿಜ್ಯ 3438 ಕಲೆಗಳು (ಒಂದು ಕಲೆ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ).

ಅರಬರು ಇದನ್ನು ಕಲಿತಾಗ 'ಜೀವಾ'ವನ್ನು 'ಜೀಬಾ' ಅಂತ ಉಳಿಸಿಕೊಂಡರು. ಅವರ ಭಾಷೆಯಲ್ಲಿ ಅದಕ್ಕೆ ಅರ್ಥ ಇರಲಿಲ್ಲ. ಅರಬ್ಬಿ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವ ರೂಢಿ ಇಲ್ಲ. ಹಾಗಾಗಿ ಅದೇ ಅಕ್ಷರಗಳನ್ನು 'ಜೈಬ್' ಅಂತಲೂ ಓದಬಹುದು. ಜೈಬ್ ಅಂದರೆ ಅಂಗಿಯ ಕೊರಳ ಹತ್ತಿರದ ತೆರಪು, ಎದೆಯ ಮಡಿಕೆ. 12ನೇ ಶತಮಾನದಲ್ಲಿ ಅರಬ್ಬಿ ಪುಸ್ತಕಗಳನ್ನು ಲ್ಯಾಟಿನ್‌ಗೆ ತಂದವರು ಆ ಅರ್ಥ ಹಿಡಿದು 'ಸೀನುಸ್' ಅಂದರು. ಅದೇ ಇಟಾಲಿಯನ್‌ನಲ್ಲಿ 'ಸೇನೋ', ಇಂಗ್ಲಿಷಿನಲ್ಲಿ 'ಸೈನ್'.

ಆ ಜೈಬ್ ಪಾರ್ಸಿ, ಉರ್ದು ದಾಟಿ ಕನ್ನಡಕ್ಕೂ ಬಂದಿದೆ. ನಮ್ಮ 'ಜೇಬು' ಅದೇ ಪದ. ಸೈನ್ ಮತ್ತು ಜೇಬು ಹತ್ತಿರದ ಸಂಬಂಧಿಗಳು.

ಇನ್ನು 'ವೆರ್ಸೋ'. ಅಂದರೆ ತಿರುಗಿಸಿದ್ದು. ನಮ್ಮವರು ಇದೇ ಅಳತೆಗೆ 'ಉತ್ಕ್ರಮಜ್ಯಾ' ಅಂದರು. ಹಿಂದುಮುಂದಾದ ಕ್ರಮದ ಜ್ಯಾ ಅಂತ ಅರ್ಥ. ಜ್ಯಾ ಪಟ್ಟಿಯ ಅಂತರಗಳನ್ನು ಕೊನೆಯಿಂದ ಮೊದಲಿಗೆ ಕೂಡುತ್ತಾ ಬಂದರೆ ಇದು ಸಿಗುತ್ತದೆ. ಸೂರ್ಯಸಿದ್ಧಾಂತ ಅನ್ನುವ ಹಳೆಯ ಖಗೋಳ ಗ್ರಂಥದಲ್ಲಿ ಇದರ ಪಟ್ಟಿ 7, 29, 66, 117 ಅಂತ ಶುರುವಾಗುತ್ತದೆ. ಇನ್ನೊಂದು ಹೆಸರೂ ಇದೆ, 'ಶರ'. ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗೆ ಇರುವ ದೂರ ಅದು. ಬಾಣ ಹೂಡುವ ಜಾಗ ಅಲ್ಲವೇ! ಅರಬ್ಬಿಯಲ್ಲಿ ಅದು 'ಸಹ್ಮ್', ಲ್ಯಾಟಿನ್‌ನಲ್ಲಿ 'ಸಗಿತ್ತಾ'. ಎರಡಕ್ಕೂ ಬಾಣ ಅಂತಲೇ ಅರ್ಥ.

ಕಮಾನು

ನಾನು ಸಿವಿಲ್ ಎಂಜಿನಿಯರ್. ಹಳೇಲೆಕ್ಕ ಅವರು ಬಾಣ ಅಂದಾಗ ತಡೆಯಲಾಗಲಿಲ್ಲ. ಕಮಾನಿನ ಎತ್ತರಕ್ಕೆ ಇಟಾಲಿಯನ್ ಎಂಜಿನಿಯರುಗಳು ಇವತ್ತಿಗೂ 'ಫ್ರೆಚ್ಚಾ' ಅನ್ನುತ್ತಾರೆ. ಅದಕ್ಕೂ ಬಾಣ ಅಂತಲೇ ಅರ್ಥ. ತೊಲೆ ಬಾಗಿದ ಅಳತೆಗೂ ಅದೇ ಪದ.

ಮಿಲಾನ್ ಕನ್ನಡತಿ

ಹೌದು! ಇನ್ನು 'ಸೇನೋ' ಇಲ್ಲಿ ದಿನಬಳಕೆಯ ಪದ. ಎದೆ ಅಂತ ಒಂದು ಅರ್ಥ. ಪತ್ರಿಕೆಯಲ್ಲಿ 'ಪಕ್ಷದ ಸೇನೋದಲ್ಲಿ' ಅಂತ ಬರೆದರೆ ಪಕ್ಷದ ಒಳಗೆ ಅಂತ. ನನ್ನ ಮಗ ಶಾಲೆಯಲ್ಲಿ ತ್ರಿಕೋನಮಿತಿ ಕಲಿಯುವಾಗ 'ಸೇನೋ ಎ ಕೊಸೇನೋ' ಅನ್ನುತ್ತಾನೆ. ಬಿಲ್ಲಿನ ಹೆದೆಯ ಕಥೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವನಿಗೆ ಹೇಳುತ್ತೇನೆ.

ಜಯನಗರ ಜಾಣ

ನೋಡಿ, ಎಲ್ಲಾ ನಮ್ಮದೇ. ಕೊಸೈನ್ ಅಂದರೆ ನಮ್ಮ 'ಕೋಟಿಜ್ಯಾ'. ಟ್ರಿಗನಾಮೆಟ್ರಿ ಅಂದರೆ ನಮ್ಮ 'ತ್ರಿಕೋಣಮಿತಿ'. ಹೆಸರು ಸಮೇತ ತೆಗೆದುಕೊಂಡು ಹೋಗಿದ್ದಾರೆ.

ಹಳೇಲೆಕ್ಕ

ಜಾಣ ಅವರೇ, ನಿಮ್ಮ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಇವೆರಡೂ ನಿಲ್ಲುವುದಿಲ್ಲ. ಕೊಸೈನಿನ 'ಕೊ' ಲ್ಯಾಟಿನ್‌ನ 'ಕಾಂಪ್ಲಿಮೆಂತಿ ಸೀನುಸ್', ಅಂದರೆ ಪೂರಕ ಕೋನದ ಸೈನ್, ಅನ್ನುವುದರ ಚಿಕ್ಕ ರೂಪ. 1620ರಲ್ಲಿ ಲಂಡನ್ನಿನ ಎಡ್ಮಂಡ್ ಗಂಟರ್ ಹಾಗೆ ಬಳಸಿದ್ದು. ಕೋಟಿಜ್ಯಾ ಅದೇ ಅಳತೆಗೆ ನಮ್ಮ ಹೆಸರು ನಿಜ, ಆದರೆ 'ಕೋ' ಅಕ್ಷರ ಹೊಂದಿದ್ದು ಆಕಸ್ಮಿಕ. ಟ್ರಿಗನಾಮೆಟ್ರಿ ಗ್ರೀಕ್ ಬೇರುಗಳಿಂದ ಕಟ್ಟಿದ ಪದ. ಜರ್ಮನಿಯ ಪಿಟಿಸ್ಕಸ್ 1595ರಲ್ಲಿ ತನ್ನ ಪುಸ್ತಕಕ್ಕೆ ಆ ಹೆಸರಿಟ್ಟ. ನಮ್ಮ 'ತ್ರಿ'ಗೂ ಗ್ರೀಕರ 'ತ್ರಿ'ಗೂ ದೂರದ ನೆಂಟಸ್ತಿಕೆ ಇದೆ, ಅಷ್ಟೇ.

ಜ್ಯಾದಿಂದ ಸೈನ್ ಬಂದದ್ದು ಹೆಜ್ಜೆ ಹೆಜ್ಜೆಗೂ ಬರಹದಲ್ಲಿ ಸಿಗುವ ಸಂಗತಿ. ಅಂಥ ಗಟ್ಟಿ ಸಂಗತಿ ಕೈಯಲ್ಲಿರುವಾಗ ಪಕ್ಕದಲ್ಲಿ ಟೊಳ್ಳು ವಾದ ಇಟ್ಟರೆ, ಓದುವವರು ಎರಡನ್ನೂ ನಂಬುವುದಿಲ್ಲ. ನನ್ನ ಕಾಳಜಿ ಅದು.

ಗೆರೆಬರಹ

ತುಂಬಾ ಧನ್ಯವಾದ. ಒಂದು ಅನುಮಾನ ಉಳಿಯಿತು. ನಮ್ಮ ಪುಸ್ತಕಗಳಲ್ಲಿ ಈ ರೇಖೆ ರಚಿಸುವಾಗ ಸೈನ್ ಕೂಡ ಬರುವುದಿಲ್ಲ, ವರ್ಸ್ಡ್ ಸೈನ್ ಕೂಡ ಬರುವುದಿಲ್ಲ. ವೃತ್ತದ ತಳದಿಂದ ಗೆರೆ ಎಳೆಯುತ್ತೇವೆ. ಅದು ವೃತ್ತವನ್ನು ಒಂದು ಕಡೆ, ಮೇಲಿನ ಸ್ಪರ್ಶರೇಖೆಯನ್ನು ಇನ್ನೊಂದು ಕಡೆ ಕತ್ತರಿಸುತ್ತದೆ. ಒಂದರಿಂದ ಎತ್ತರ, ಇನ್ನೊಂದರಿಂದ ಅಡ್ಡ ದೂರ ತೆಗೆದುಕೊಂಡರೆ ಬಿಂದು ಸಿಕ್ಕಿತು. ಹಾಗಾದರೆ 'ಸೇನೋ ವೆರ್ಸೋದಿಂದ ಹುಟ್ಟಿದ್ದು' ಅಂತ ಗ್ರಾಂದಿ ಹೇಳಿದ್ದು ಯಾಕೆ?

ಹಳೇಲೆಕ್ಕ

ಆನ್ಯೇಸಿ ಪುಸ್ತಕದಲ್ಲಿರುವ ರಚನೆ ನೋಡಿದರೆ ಗೊತ್ತಾಗುತ್ತದೆ ಮೇಷ್ಟ್ರೇ. ಅವಳು ಅನುಪಾತದಲ್ಲಿ ಹೇಳುತ್ತಾಳೆ. ವೃತ್ತದ ವ್ಯಾಸವನ್ನು ನೆಟ್ಟಗೆ ನಿಲ್ಲಿಸಿ. ತಳದಿಂದ ವ್ಯಾಸದ ಮೇಲೆ ಸ್ವಲ್ಪ ಏರಿ ಒಂದು ಬಿಂದು ಗುರುತು ಮಾಡಿ. ತಳದಿಂದ ಆ ಬಿಂದುವಿಗೆ ಇರುವ ಎತ್ತರ ಇದೆಯಲ್ಲ, ಅದೇ ಶರ, ಅಂದರೆ ಸೇನೋ ವೆರ್ಸೋ. ಆ ಬಿಂದುವಿನಿಂದ ಅಡ್ಡಲಾಗಿ ವೃತ್ತದವರೆಗೆ ಇರುವ ದೂರ ಜ್ಯಾ, ಅಂದರೆ ಸೇನೋ. ಈಗ ಶರಕ್ಕೆ ಜ್ಯಾ ಎಷ್ಟೋ, ವ್ಯಾಸಕ್ಕೆ ಅಷ್ಟೇ ಅನುಪಾತ ಬರುವ ದೂರದಲ್ಲಿ ಅದೇ ಅಡ್ಡಗೆರೆಯ ಮೇಲೆ ಒಂದು ಬಿಂದು ಇಡಿ. ಹೀಗೆ ಸಿಗುವ ಬಿಂದುಗಳೆಲ್ಲ ಸೇರಿ ವೆರ್ಸಿಯೆರಾ.

ವ್ಯಾಸ 1 ಅಂತ ಇಟ್ಟುಕೊಂಡು ಬಿಡಿಸಿದರೆ, ಎತ್ತರ ಸಮ 1 ಭಾಗಿಸು (1 ಕೂಡಿಸು ಎಕ್ಸ್ ವರ್ಗ) ಅಂತ ಬರುತ್ತದೆ, ಎಕ್ಸ್ ಅಂದರೆ ಅಡ್ಡ ದೂರ. ನೀವು ಕ್ಲಾಸಿನಲ್ಲಿ ಹೇಳುವ ಸಮೀಕರಣವೇ. ಇಲ್ಲಿ ಶರ ಹೆಸರಿಗೆ ಮಾತ್ರ ಅಲ್ಲ, ರಚನೆಯ ಒಳಗೇ ಇದೆ.

ಇನ್ನೊಂದು ಮಾತು ಸೇರಿಸಲೇಬೇಕು. ಈ ರೇಖೆಯ ಕೆಳಗೆ ಸೊನ್ನೆಯಿಂದ 1ರವರೆಗಿನ ಕ್ಷೇತ್ರಫಲ ಪೈಯ ನಾಲ್ಕನೇ ಒಂದು ಭಾಗ. ಅಂದರೆ ಆ ವೃತ್ತದ ಕ್ಷೇತ್ರಫಲವೇ. ಇಡೀ ರೇಖೆಯ ಕೆಳಗೆ ಅಂಥ ನಾಲ್ಕು ವೃತ್ತ. ಅದೇ ಪೈ ಭಾಗಿಸು 4ನ್ನು 1, ಕಳೆ ಮೂರನೇ ಒಂದು, ಕೂಡಿಸು ಐದನೇ ಒಂದು, ಕಳೆ ಏಳನೇ ಒಂದು ಅಂತ ಶ್ರೇಣಿಯಾಗಿ ಬರೆದವರು ಕೇರಳದ ಸಂಗಮಗ್ರಾಮದ ಮಾಧವ, 14ನೇ ಶತಮಾನದ ಕಡೆಯ ಭಾಗದಲ್ಲಿ ಕೆಲಸ ಮಾಡಿದವರು. ಅದರ ಸಾಧನೆ ಜ್ಯೇಷ್ಠದೇವನ ಮಲಯಾಳಂ ಗ್ರಂಥ ಯುಕ್ತಿಭಾಷೆಯಲ್ಲಿದೆ. ಮಾಧವ ಈ ರೇಖೆ ಎಳೆದಿರಲಿಲ್ಲ. ಆದರೆ 1 ಭಾಗಿಸು (1 ಕೂಡಿಸು ವರ್ಗ) ಅನ್ನುವ ರೂಪವನ್ನು ಚೂರು ಚೂರಾಗಿ ಕೂಡುವ ಕೆಲಸ ಅಲ್ಲೂ ಇದೆ.

ಪದಮೂಲ

ಈ ಎಳೆಯನ್ನು ತುಂಬಾ ಖುಷಿಯಿಂದ ಓದುತ್ತಿದ್ದೇನೆ. ಭಾಷಾವಿಜ್ಞಾನದ ಕಡೆಯಿಂದ ಒಂದಿಷ್ಟು.

ಮೊದಲು, ಪುಸ್ತಕಗಳ ಒಂದು ಸಾಲಿನ ಕಥೆಯಲ್ಲಿ ಒಂದು ಬಿರುಕಿದೆ. ಅನುವಾದಕರು ವೆರ್ಸಿಯೆರಾವನ್ನು ಅವ್ವೆರ್ಸಿಯೆರಾ ಅಂತ ತಪ್ಪು ಓದಿದರು ಅನ್ನುತ್ತಾರಲ್ಲ, ಹಾಗೆ ತಪ್ಪು ಓದುವ ಅಗತ್ಯವೇ ಇರಲಿಲ್ಲ. ಹಳೆಯ ಇಟಾಲಿಯನ್‌ನಲ್ಲಿ 'ವೆರ್ಸಿಯೆರಾ' ಅಂದರೇ ದೆವ್ವದ ಹೆಂಡತಿ, ಹೆಣ್ಣು ದೆವ್ವ. ಅವ್ವೆರ್ಸಿಯೆರಾದ ಮೊದಲ ಅಕ್ಷರ ಆಡುಮಾತಿನಲ್ಲಿ ಸವೆದುಹೋಗಿತ್ತು. 'ಲಾವ್ವೆರ್ಸಿಯೆರಾ' ಅಂತ ಒಟ್ಟಿಗೆ ಹೇಳುವಾಗ 'ಲಾ' ಎಲ್ಲಿ ಮುಗಿಯುತ್ತದೆ, ಪದ ಎಲ್ಲಿ ಶುರುವಾಗುತ್ತದೆ ಅಂತ ಕಿವಿಗೆ ತಿಳಿಯುವುದಿಲ್ಲ. ಹಾಗೆ ಆದದ್ದು. ನಿಘಂಟಿನಲ್ಲಿ ಒಂದು ನುಡಿಗಟ್ಟೂ ಇದೆ: 'ಫಾರೆ ಇಲ್ ದ್ಯಾವೊಲೊ ಎ ಲಾ ವೆರ್ಸಿಯೆರಾ'. ದೆವ್ವ, ದೆವ್ವದ ಹೆಂಡತಿ ಇಬ್ಬರೂ ಸೇರಿ ಮಾಡಿದಷ್ಟು ರಂಪ ಮಾಡು ಅಂತ.

ಇನ್ನು ಅವ್ವೆರ್ಸಿಯೆರಾದ ಮೂಲ. ಲ್ಯಾಟಿನ್ 'ಅದ್ವೆರ್ಸಾರಿಯುಸ್', ಎದುರಾಳಿ. ಲ್ಯಾಟಿನ್ ಬೈಬಲ್ಲಿನಲ್ಲಿ ಪೇತ್ರನ ಮೊದಲ ಪತ್ರ ಸೈತಾನನನ್ನು 'ನಿಮ್ಮ ಎದುರಾಳಿ' ಅಂತ ಕರೆಯುತ್ತದೆ. ಹಾಗಾಗಿ ಎದುರಾಳಿ ಅಂದರೆ ದೆವ್ವ, ಅದರ ಹೆಣ್ಣು ರೂಪ ಅವ್ವೆರ್ಸಿಯೆರಾ.

ಈಗ ನನಗೆ ಬಹಳ ಇಷ್ಟವಾದ ಭಾಗ. ಅದ್ವೆರ್ಸಾರಿಯುಸ್ ಪದವನ್ನು ಬಿಡಿಸಿದರೆ 'ಅದ್' ಮತ್ತು 'ವೆರ್ತೆರೆ'. ವೆರ್ತೆರೆ ಅಂದರೆ ತಿರುಗು, ತಿರುಗಿಸು. ಎದುರಿಗೆ ತಿರುಗಿ ನಿಂತವನೇ ಎದುರಾಳಿ. ಸೇನೋ ವೆರ್ಸೋದ 'ವೆರ್ಸೋ' ಕೂಡ ಅದೇ ವೆರ್ತೆರೆ. ಗ್ರಾಂದಿ ಹೇಳಿದ ವೆರ್ಸೋರಿಯಾ? ಲ್ಯಾಟಿನ್‌ನಲ್ಲಿ ಅದು ಹಡಗಿನ ಹಾಯಿ ತಿರುಗಿಸುವ ಹಗ್ಗ. ಅದೂ ವೆರ್ತೆರೆಯೇ. ಗಣಿತದ ವೆರ್ಸಿಯೆರಾ, ದೆವ್ವದ ಹೆಂಡತಿ ವೆರ್ಸಿಯೆರಾ ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದಿದ್ದರೂ ಹೊರಟದ್ದು ಒಂದೇ ಧಾತುವಿನಿಂದ.

ಈ ವೆರ್ತೆರೆಗೆ ಸಂಸ್ಕೃತದಲ್ಲಿ ಒಡಹುಟ್ಟಿದ ಧಾತು 'ವೃತ್'. ಪರಿವರ್ತನೆ, ಆವರ್ತ, ವರ್ತುಲ ಎಲ್ಲ ಅದರಿಂದಲೇ. ನಾವು ದಿನಾ ಬಳಸುವ 'ವೃತ್ತ'ವೂ ಅದೇ. ವೃತ್ತದಿಂದ ಹುಟ್ಟಿದ ರೇಖೆಗೆ ವೃತ್ತದ ಬಂಧುವೇ ಹೆಸರಾಗಿದೆ.

ಗೆರೆಬರಹ

ಪದಮೂಲ ಅವರೇ, ಈ ಕೊನೆಯ ಭಾಗ ಓದಿ ಮೈ ಜುಂ ಅಂದಿತು. ಹಾಗಾದರೆ ಅನುವಾದಕರು ಮಾಡಿದ್ದು ತಪ್ಪೇ ಅಲ್ಲ ಅನ್ನುತ್ತೀರಾ?

ಪದಮೂಲ

ತಪ್ಪು ಅನ್ನುವುದು ತುಂಬಾ ಸುಲಭದ ತೀರ್ಪು ಅನ್ನುತ್ತೇನೆ. ಆನ್ಯೇಸಿ ಪುಸ್ತಕವನ್ನು ಇಂಗ್ಲಿಷಿಗೆ ತಂದ ಜಾನ್ ಕಾಲ್ಸನ್ ಸಾಮಾನ್ಯ ಮನುಷ್ಯ ಅಲ್ಲ. ನ್ಯೂಟನ್ನಿನ ಫ್ಲಕ್ಷನ್ಸ್ (ಅವರ ಕ್ಯಾಲ್ಕುಲಸ್) ಗ್ರಂಥವನ್ನು ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದು 1736ರಲ್ಲಿ ಪ್ರಕಟಿಸಿದವರು. 1739ರಿಂದ ಕೇಂಬ್ರಿಜ್‌ನ ಲುಕೇಸಿಯನ್ ಪ್ರಾಧ್ಯಾಪಕ, ಅಂದರೆ ನ್ಯೂಟನ್ ಕೂತಿದ್ದ ಪೀಠ. ಆನ್ಯೇಸಿಯ ಪುಸ್ತಕ ಇಂಗ್ಲಿಷ್ ಓದುಗರಿಗೆ ಸಿಗಬೇಕು ಅಂತ ಮುಪ್ಪಿನಲ್ಲಿ ಇಟಾಲಿಯನ್ ಕಲಿತರು. ಇಂಗ್ಲೆಂಡಿನ ಹೆಂಗಸರೂ ಗಣಿತ ಕಲಿಯಲಿ ಅನ್ನುವುದು ಅವರ ಆಸೆಯಾಗಿತ್ತು. 1760ರಲ್ಲಿ ತೀರಿಕೊಂಡರು. ಹಸ್ತಪ್ರತಿ ನಾಲ್ಕು ದಶಕ ಹಾಗೇ ಇತ್ತು. ಜಾನ್ ಹೆಲಿನ್ಸ್ ಅನ್ನುವ ಪಾದ್ರಿ ಅದನ್ನು ತಿದ್ದಿ 1801ರಲ್ಲಿ ಅಚ್ಚು ಹಾಕಿಸಿದರು.

ಕಾಲ್ಸನ್ ಜಾಗದಲ್ಲಿ ನಿಂತು ನೋಡಿ. ಪುಸ್ತಕದಲ್ಲಿ 'ವೆರ್ಸಿಯೆರಾ' ಅಂತ ಬಂತು. ಗ್ರಾಂದಿ ಕೊಟ್ಟ ಅರ್ಥ ಗೆಲಿಲಿಯೋ ಕೃತಿಗಳ ಟಿಪ್ಪಣಿಯಲ್ಲಿ ಅಡಗಿದೆ. ಸಾಮಾನ್ಯ ನಿಘಂಟು ತೆರೆದರೆ ಸಿಗುವುದು ಹೆಣ್ಣು ದೆವ್ವ. ಅವರು ಅದನ್ನೇ ಬರೆದರು.

ಮಿಲಾನ್ ಕನ್ನಡತಿ

ನಾನು ಒಪ್ಪುವುದಿಲ್ಲ ಸರ್. ವರ್ಸ್ಡ್ ಸೈನ್ ಗೊತ್ತಿಲ್ಲದ ಲುಕೇಸಿಯನ್ ಪ್ರಾಧ್ಯಾಪಕ ಇರುತ್ತಾರಾ? ಪದದಲ್ಲಿ 'ವೆರ್ಸ್' ಕಾಣುತ್ತದೆ, ಅದೇ ಪುಟದ ರಚನೆಯಲ್ಲಿ ಶರ ಕಾಣುತ್ತದೆ. ಎರಡನ್ನೂ ಕೂಡಿಸಬಹುದಿತ್ತು. ಗೊತ್ತಾಗಲಿಲ್ಲ ಅಂದರೆ ಇಟಾಲಿಯನ್ ಹೆಸರನ್ನೇ ಬಿಡಬಹುದಿತ್ತು. ಜರ್ಮನ್ನರು ಇವತ್ತಿಗೂ 'ಆನ್ಯೇಸಿಯ ವೆರ್ಸಿಯೆರಾ' ಅಂತಲೇ ಬರೆಯುತ್ತಾರೆ. ಇಂಗ್ಲಿಷಿನ ಮಾಟಗಾತಿ ಸ್ಪ್ಯಾನಿಷಿಗೂ ಹೋಗಿ 'ಬ್ರೂಹಾ' ಆದಳು, ಫ್ರೆಂಚಿನಲ್ಲೂ 'ಸೊರ್ಸಿಯೇರ್' ಆದಳು.

ಪದಮೂಲ

ನಿಮ್ಮ ವಾದದಲ್ಲಿ ಬಲವಿದೆ. ಆದರೆ ಇನ್ನೊಂದು ಕಡೆಯೂ ನೋಡಿ. ಗ್ರಾಂದಿಗೇ ಎರಡು ಅರ್ಥವೂ ಗೊತ್ತಿರಲಿಲ್ಲವೇ? ಪೀಸಾ, ಫ್ಲಾರೆನ್ಸ್ ಇರುವ ತೊಸ್ಕಾನಾ ಪ್ರಾಂತ್ಯದಲ್ಲಿ ಬದುಕಿದ ಮನುಷ್ಯ. 'ವೆರ್ಸಿಯೆರಾ' ಅಂದರೆ ದೆವ್ವದ ಹೆಂಡತಿ ಅಂತ ಅಲ್ಲಿಯವರಿಗೆ ಗೊತ್ತಿದ್ದ ಮಾತು. ಶ್ಲೇಷೆ ಬೇಕೆಂದೇ ಇಟ್ಟಿರಬಹುದು. ಸಂಖ್ಯಾಶಾಸ್ತ್ರದ ಚರಿತ್ರೆ ಬರೆದ ಸ್ಟೀಫನ್ ಸ್ಟಿಗ್ಲರ್ 1974ರ ಒಂದು ಲೇಖನದಲ್ಲಿ ಈ ಊಹೆ ಮುಂದಿಟ್ಟಿದ್ದಾರೆ. ನನಗೂ ಅದು ಹತ್ತಿರ ಅನ್ನಿಸುತ್ತದೆ.

ಗ್ರಾಂದಿ ಹೆಸರಿಡುವುದರಲ್ಲಿ ರಸಿಕ. ಹೂವಿನ ದಳದಂಥ ರೇಖೆಗಳಿಗೆ ಗುಲಾಬಿಯ ಗ್ರೀಕ್ ಹೆಸರು ಹಿಡಿದು 'ರೊದೊನೆಯಾ' ಅಂದರು. ಗೋಳದ ಮೇಲಿನ ಇನ್ನೊಂದು ಜಾತಿಯ ರೇಖೆಗಳಿಗೆ ಮಿಲಾನ್‌ನ ಕೌಂಟೆಸ್ ಕ್ಲೇಲಿಯಾ ಬೊರೊಮೆಯೊ ಗೌರವಕ್ಕೆ 'ಕ್ಲೇಲಿಯಾ' ಅಂದರು. ಅವೆಲ್ಲ ಬಂದದ್ದು 1728ರ 'ಫ್ಲೋರೆಸ್ ಜಿಯೊಮೆತ್ರಿಚಿ' ಅನ್ನುವ ಪುಸ್ತಕದಲ್ಲಿ. ಆ ಹೆಸರಿಗೆ ರೇಖಾಗಣಿತದ ಹೂಗಳು ಅಂತ ಅರ್ಥ. 1 ಕಳೆ 1 ಕೂಡಿಸು 1 ಕಳೆ 1 ಅಂತ ಕೊನೆಯಿಲ್ಲದೆ ಹೋಗುವ ಶ್ರೇಣಿಯಲ್ಲಿ ಶೂನ್ಯದಿಂದ ಸೃಷ್ಟಿಯಾದದ್ದನ್ನು ಕಂಡವರೂ ಅವರೇ. ಇಂಥವರ ಕಿವಿಗೆ ಹೆಣ್ಣು ದೆವ್ವ ಕೇಳಿಸಲಿಲ್ಲ ಅಂದರೆ ನಂಬುವುದು ಕಷ್ಟ. ಶ್ಲೇಷೆ ನಿಜವಾದರೆ ಕಾಲ್ಸನ್ ಅದರ ಒಂದು ಮುಖವನ್ನು ಮಾತ್ರ ದಾಟಿಸಿದರು, ಇನ್ನೊಂದು ಮುಖ ಕಳೆದುಹೋಯಿತು. ಶ್ಲೇಷೆಯನ್ನು ಅನುವಾದ ಮಾಡಿದ ಯಾರಿಗೂ ಈ ಸಂಕಟ ಹೊಸದಲ್ಲ.

ಮಿಲಾನ್ ಕನ್ನಡತಿ

ಶ್ಲೇಷೆಯ ಮಾತು ಒಪ್ಪುತ್ತೇನೆ, ಅದು ಗ್ರಾಂದಿಗೆ ಸರಿಹೊಂದುತ್ತದೆ. ಕಾಲ್ಸನ್ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ.

ನನಗೆ ನೋವಾಗುವುದು ಬೇರೆ ವಿಷಯಕ್ಕೆ. ಈ ಒಂದು ಹೆಸರಿನಿಂದ ಆನ್ಯೇಸಿ ಅಂದರೆ ಮಾಟಗಾತಿ ಅಂತ ಆಗಿಬಿಟ್ಟಿದೆ. ಅವಳ ಪುಸ್ತಕದಲ್ಲಿ ವೆರ್ಸಿಯೆರಾ ನೂರಾರು ಉದಾಹರಣೆಗಳ ನಡುವೆ ಒಂದು. 1748ರಲ್ಲಿ ಬಂದ ಆ ಪುಸ್ತಕಕ್ಕೆ ಎರಡು ಸಂಪುಟ, ಸಾವಿರಕ್ಕೂ ಜಾಸ್ತಿ ಪುಟ. ಬೀಜಗಣಿತದಿಂದ ಹಿಡಿದು ಡಿಫರೆನ್ಷಿಯಲ್ ಸಮೀಕರಣದವರೆಗೆ ಒಂದೇ ದಾರಿಯಲ್ಲಿ ಕಲಿಸುತ್ತದೆ. ಬರೆದದ್ದು ಇಟಾಲಿಯನ್‌ನಲ್ಲಿ, ಪಂಡಿತರ ಲ್ಯಾಟಿನ್‌ನಲ್ಲಿ ಅಲ್ಲ. ಪುಸ್ತಕದ ಹೆಸರಲ್ಲೇ 'ಇಟಲಿಯ ಯುವಜನರ ಉಪಯೋಗಕ್ಕೆ' ಅಂತ ಇದೆ. ಅಚ್ಚಿನ ಯಂತ್ರಗಳನ್ನು ಮನೆಗೇ ತರಿಸಿಕೊಂಡು ಕೆಲಸ ನೋಡಿಕೊಂಡಳು. ಪುಸ್ತಕವನ್ನು ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೇಸಾಗೆ ಅರ್ಪಿಸಿದಳು. ಅಧಿಕಾರದಲ್ಲಿರುವ ಹೆಣ್ಣಿಗೆ ಗಣಿತ ಕಲಿತ ಹೆಣ್ಣಿನ ಕಾಣಿಕೆ ಅದು. ಮಹಾರಾಣಿಯಿಂದ ವಜ್ರದ ಉಂಗುರ ಬಹುಮಾನ ಬಂತು.

ಪುಟ್ಟಿ, ನಿನಗೆ ಇದು ಇಷ್ಟವಾಗಬಹುದು. ಆನ್ಯೇಸಿ 9 ವರ್ಷದವಳಿದ್ದಾಗ ಹೆಣ್ಣುಮಕ್ಕಳು ಯಾಕೆ ಓದಬೇಕು ಅಂತ ಲ್ಯಾಟಿನ್‌ನಲ್ಲಿ ಭಾಷಣ ಮಾಡಿದಳು. ಅದು ಅಚ್ಚಾಯಿತು. ರೇಷ್ಮೆ ವ್ಯಾಪಾರದಲ್ಲಿ ಶ್ರೀಮಂತರಾದ ಮನೆತನ ಅವರದು. ಅಪ್ಪ ಪಿಯೆತ್ರೋಗೆ ಮೂರು ಮದುವೆ, 21 ಮಕ್ಕಳು, ಇವಳೇ ಹಿರಿಯಳು. ತಮ್ಮಂದಿರಿಗೆ ಪಾಠ ಹೇಳುತ್ತಿದ್ದಳು. 1750ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಇವಳನ್ನು ಬೊಲೋನ್ಯಾ ವಿಶ್ವವಿದ್ಯಾಲಯಕ್ಕೆ ನೇಮಿಸಿದರು. ಅವಳು ಪಾಠ ಮಾಡಲು ಹೋಗಲಿಲ್ಲ. 1752ರಲ್ಲಿ ಅಪ್ಪ ಹೋದ ಮೇಲೆ ಗಣಿತ ಬಿಟ್ಟು, ಬಡವರ, ಕಾಯಿಲೆಯವರ ಸೇವೆಗೆ ನಿಂತಳು. ಮಹಾರಾಣಿ ಕೊಟ್ಟ ಒಡವೆಯನ್ನೂ ಅದಕ್ಕೇ ಮಾರಿದಳು ಅಂತ ಇಲ್ಲಿಯವರು ಹೇಳುತ್ತಾರೆ. 1771ರಲ್ಲಿ ಪಿಯೋ ಅಲ್ಬೆರ್ಗೋ ತ್ರಿವುಲ್ತ್ಸಿಯೋ ಅನ್ನುವ ವೃದ್ಧಾಶ್ರಮ ಶುರುವಾದಾಗ ಹೆಂಗಸರ ವಿಭಾಗ ಇವಳ ಕೈಗೆ ಬಂತು. 1799ರಲ್ಲಿ ಅಲ್ಲೇ ಕಣ್ಣು ಮುಚ್ಚಿದಳು. ಆ ಸಂಸ್ಥೆ ಈಗಲೂ ಇದೆ, ಜಾಗ ಬೇರೆ. ಮಿಲಾನ್‌ನ ಜನ ಅದನ್ನು ಪ್ರೀತಿಯಿಂದ 'ಬಜ್ಜಿನಾ' ಅಂತ ಕರೆಯುತ್ತಾರೆ, ಬಜ್ಜೋ ಅನ್ನುವ ಊರಿನ ರಸ್ತೆಯಲ್ಲಿದೆ ಅಂತ. ಪೋರ್ತಾ ರೊಮಾನಾ ಕಡೆ ಇವಳ ಹೆಸರಿನ ಬೀದಿಯೂ ಇದೆ.

ಪಿಯುಸಿ ಹುಡುಗಿ

ಅಕ್ಕ, ಇದನ್ನೆಲ್ಲ ನಮ್ಮ ಪುಸ್ತಕದಲ್ಲಿ ಯಾಕೆ ಹಾಕಲ್ಲ? ಮಾಟಗಾತಿ ಅಂತ ಒಂದು ಸಾಲು ಇದ್ದರೆ ಎಲ್ಲರೂ ನಕ್ಕು ಮುಂದೆ ಹೋಗ್ತಾರೆ.

ಅಂಕಿಅಂಶ

ನಾನು ಸಂಖ್ಯಾಶಾಸ್ತ್ರದವನು. ನಮ್ಮಲ್ಲಿ ಇದೇ ರೇಖೆ 'ಕೋಶಿ ವಿತರಣೆ' ಅಂತ ಬರುತ್ತದೆ (ವಿತರಣೆ ಅಂದರೆ ಯಾವ ಅಳತೆ ಬರುವ ಸಾಧ್ಯತೆ ಎಷ್ಟು ಅಂತ ತೋರಿಸುವುದು). ಆ ಹೆಸರೂ ಇಂಥದೇ. ಕೋಶಿ 1853ರಲ್ಲಿ ಬಿಯೆನೇಮೆ ಜೊತೆಗಿನ ವಾದದಲ್ಲಿ ಇದನ್ನು ತಂದರು. ಪ್ವಾಸೋನ್ 1824ರಲ್ಲೇ ಇದರ ಗುಣ ಬರೆದಿದ್ದರು. ಪದಮೂಲ ಅವರು ಹೇಳಿದ ಸ್ಟಿಗ್ಲರ್ ಲೇಖನ ಈ ವಿಷಯಕ್ಕೇ ಇದೆ.

ಗುಣ ಏನೆಂದರೆ, ಈ ವಿತರಣೆಗೆ ಸರಾಸರಿಯೇ ಇಲ್ಲ. ಎಷ್ಟು ಅಳತೆ ತೆಗೆದು ಸರಾಸರಿ ಮಾಡಿದರೂ ಅದು ಒಂದೇ ಒಂದು ಅಳತೆಯಷ್ಟೇ ಅಲ್ಲಾಡುತ್ತಿರುತ್ತದೆ. ಎರಡು ಬದಿಯ ಬಾಲಗಳು ನಿಧಾನವಾಗಿ ಇಳಿಯುವುದೇ ಕಾರಣ. ಭೌತಶಾಸ್ತ್ರದವರು ಇದನ್ನು ಲೊರೆಂಟ್ಸ್ ಹೆಸರಿನಲ್ಲಿ ಬಲ್ಲರು. ರುಂಗೆ 1901ರಲ್ಲಿ ಇದೇ ಜಾತಿಯ ರೇಖೆ ಇಟ್ಟುಕೊಂಡು, ಸಮಾನ ದೂರದ ಬಿಂದುಗಳ ಮೇಲೆ ಬಹುಪದ ಹೊಂದಿಸಿದರೆ ತುದಿಗಳಲ್ಲಿ ಅದು ಹೇಗೆ ಕುಣಿಯುತ್ತದೆ ಅಂತ ತೋರಿಸಿದರು. ರೇಖೆ ಸೌಮ್ಯ ಅಂದಿರಿ ಮೇಷ್ಟ್ರೇ, ನಮ್ಮನ್ನು ಇದು ಸಾಕಷ್ಟು ಕಾಡಿದೆ.

ಗೆರೆಬರಹ

ಕನ್ನಡದಲ್ಲಿ ಟಿಪ್ಪಣಿ ಮಾಡುವಾಗ ಏನು ಬರೆಯಲಿ ಅನ್ನುವುದು ಉಳಿದಿದೆ. 'ಆನ್ಯೇಸಿಯ ಮಾಟಗಾತಿ' ಅಂತ ಬರೆಯಲು ಇನ್ನು ಮನಸ್ಸು ಬಾರದು.

ಹಳೇಲೆಕ್ಕ

'ಶರಜ ರೇಖೆ' ಅನ್ನಬಹುದಾ? ಶರದಿಂದ ಹುಟ್ಟಿದ್ದು. ಗ್ರಾಂದಿ ಹೇಳಿದ್ದೂ ಅದೇ.

ಪದಮೂಲ

ಚೆಂದ ಇದೆ. ಆದರೆ ನಾವು ಮತ್ತೆ ಒಂದೇ ಮುಖ ದಾಟಿಸಿದ ಹಾಗಾಗುತ್ತದೆ. ನನ್ನ ಮತ ವೆರ್ಸಿಯೆರಾಕ್ಕೆ. ಪ್ಯಾರಾಬೋಲಾ, ಹೈಪರ್ಬೋಲಾ ಎಲ್ಲ ಇಟ್ಟುಕೊಂಡಿದ್ದೇವಲ್ಲ.

ಮಿಲಾನ್ ಕನ್ನಡತಿ

'ಆನ್ಯೇಸಿಯ ವೆರ್ಸಿಯೆರಾ' ಅಂತ ಬರೆಯಿರಿ. ಅವಳ ಹೆಸರು ಬಿಡಬೇಡಿ.

ಗೆರೆಬರಹ

ಹಾಗೇ ಬರೆಯುತ್ತೇನೆ ಮೇಡಂ. ಟಿಪ್ಪಣಿಯಲ್ಲಿ ಶರದ ಅನುಪಾತದಿಂದಲೇ ರಚನೆ ಶುರು ಮಾಡುತ್ತೇನೆ. ಸಮೀಕರಣ ಆಮೇಲೆ.

ಪಿಯುಸಿ ಹುಡುಗಿ

ಸರ್, ನಾನು ಗ್ರಾಫ್ ಹಾಳೆಯಲ್ಲಿ 10 ಸೆಂಟಿಮೀಟರ್ ವ್ಯಾಸದ ವೃತ್ತ ಹಾಕಿ, ಹಳೇಲೆಕ್ಕ ಸರ್ ಹೇಳಿದ ಹಾಗೆ ಮಾಡಿ ನೋಡಿದೆ. 5 ಸೆಂಟಿಮೀಟರ್ ಎತ್ತರದಲ್ಲಿ ಶರ, ಜ್ಯಾ ಎರಡೂ 5. ಹಾಗಾಗಿ ಬಿಂದು 10 ಸೆಂಟಿಮೀಟರ್ ದೂರಕ್ಕೆ ಬಂತು. 2 ಸೆಂಟಿಮೀಟರ್ ಎತ್ತರದಲ್ಲಿ ಜ್ಯಾ 4 ಬಂತು, ಬಿಂದು 20ಕ್ಕೆ ಹೋಗಿ ಹಾಳೆ ದಾಟಿತು. ಮೇಲೆ ಬೋರಲು ಹಾಕಿದ ಹಾಗೆ ಬಾಗಿದ್ದ ರೇಖೆ ಕೆಳಗೆ ಬಂದಾಗ ಉಲ್ಟಾ ಬಾಗುತ್ತದೆ. ಯಾವ ಎತ್ತರದಲ್ಲಿ ತಿರುಗುತ್ತದೆ?

ಗೆರೆಬರಹ

ಶಭಾಷ್! ವ್ಯಾಸದ ಮುಕ್ಕಾಲು ಎತ್ತರದಲ್ಲಿ. ನಿನ್ನ ಹಾಳೆಯಲ್ಲಿ 7.5 ಸೆಂಟಿಮೀಟರ್ ಎತ್ತರ, ನಡುಗೆರೆಯಿಂದ ಆಚೆ ಈಚೆ ಸುಮಾರು 5.77 ಸೆಂಟಿಮೀಟರ್ ದೂರ. 7, 7.5, 8 ಈ ಮೂರು ಎತ್ತರಗಳಿಗೆ ಬಿಂದು ಇಟ್ಟು ನೋಡು, ತಿರುವು ಕಾಣುತ್ತದೆ. ಯಾಕೆ ಮುಕ್ಕಾಲು ಅಂತ ಎರಡನೇ ಡಿಫರೆನ್ಷಿಯೇಶನ್ ಕಲಿತ ಮೇಲೆ ನೀನೇ ತೆಗೆಯಬಹುದು.